ಗಂಡಸೆಂದು ಬರೆದ ಎಲುಬು

ಜೂನ್ ಎರಡನೆಯ ವಾರದ ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಗುತ್ತೆವ್ವ ಮಲ್ಲನಕೆರೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದಳು. ಕುಪ್ಪೇಲೂರಿನ ಅರವತ್ತು ದಾಟಿದ ಹೆಂಗಸು. ರಾಣೆಬೆನ್ನೂರು ಬಸ್ ನಿಲ್ದಾಣದ ಗೋಡೆಯಿಂದ ಕಿತ್ತು ತಂದ ಪೊಲೀಸ್ ಪ್ರಕಟಣೆಯೊಂದು ಅವಳ ಕೈಯಲ್ಲಿತ್ತು. ಅಂಟಿನ ಜೊತೆ ಗೋಡೆಯ ಸುಣ್ಣವೂ ಎದ್ದು ಬಂದಿತ್ತು. ‘ಅಪರಿಚಿತ ಗಂಡಸಿನ ಅಸ್ಥಿಪಂಜರ. ಗುರುತು ತಿಳಿದವರು ಠಾಣೆಯನ್ನು ಸಂಪರ್ಕಿಸಿ’ ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಯಾರೋ ಎರಡು ಕೈಯಲ್ಲಿ ಎತ್ತಿ ಹಿಡಿದ ಗೀರುಗೀರಿನ ಅಂಗಿಯೊಂದರ ಫೋಟೊ.

ಬಾಗಿಲ ಬಳಿಯೇ ಕುಳಿತಿದ್ದ ಎಎಸ್‌ಐ ಪ್ರಭುಲಿಂಗಪ್ಪ ಅವಳನ್ನು ಕಂಡು ಮುಖ ಸಿಂಡರಿಸಿದ.

“ಮತ್ತ ಬಂದ್ಯಾ? ಅದು ಗಂಡಸರ ಹೆಣ ಅಂತ ಹೋದ ಸಲಾನ ಹೇಳೇನಿ. ನಿನ್ನ ಮಗಳು ಯಾವನ ಹಿಂದೋ ಓಡಿ ಹೋಗ್ಯಾಳ.”

“ಆಕಿ ಅಂಥಾಕಿ ಅಲ್ರಿ ಸಾಹೇಬ್ರ. ಕೂಸಿನ್ನ ಬಿಟ್ಟು…”

“ಎಲ್ಲಾ ಅವ್ವಂದಿರೂ ಹಂಗ ಅಂತಾರ. ನಡಿ, ನಡಿ.”

ಒಳಗಿನ ಕೋಣೆಯಲ್ಲಿ ಇನ್‌ಸ್ಪೆಕ್ಟರ್ ದ್ರಾಕ್ಷಾಯಿಣಿ ಪೆನ್ನು ಕೆಳಗಿಟ್ಟಳು. ಈ ಠಾಣೆಗೆ ವರ್ಗವಾಗಿ ಬಂದು ತಿಂಗಳೂ ಆಗಿರಲಿಲ್ಲ. ಅಷ್ಟರಲ್ಲೇ ಅವಳ ಸಿಟ್ಟಿನ ಸುದ್ದಿ ಎದುರಿನ ಚಹಾದಂಗಡಿಗೂ ಮುಟ್ಟಿತ್ತು. ಕೂಗಾಡುವ ಸಿಟ್ಟಲ್ಲ ಅದು. ದನಿ ತಗ್ಗಿದಷ್ಟೂ ಎದುರಿನವರು ಹುಷಾರಾಗಬೇಕಾದ ಸಿಟ್ಟು.

“ಪ್ರಭುಲಿಂಗಪ್ಪಾರ, ಆ ಅವ್ವನ್ನ ಒಳಗ ಕಳಸ್ರಿ. ನೀವೂ ಬರ್ರಿ.” ದನಿ ಆಗಲೇ ತಗ್ಗಿತ್ತು.

ಗುತ್ತೆವ್ವ ನೆಲದ ಮೇಲೆ ಕೂರಲು ಹೋದಳು. ದ್ರಾಕ್ಷಾಯಿಣಿ ಎದ್ದು ಕುರ್ಚಿ ಎಳೆದು ಕೊಟ್ಟಳು.

“ಹೇಳವಾ. ಈ ಅಂಗಿ ಯಾರದು?”

“ನನ್ನ ಅಳಿಯಾ ಹನುಮೇಶಂದ್ರಿ. ಮದುವ್ಯಾಗ ನಾನ ಅರಿವಿ ತಂದು ರಾಣೆಬೆನ್ನೂರಾಗ ಹೊಲಿಸಿ ಕೊಟ್ಟದ್ದು. ಹಳೀದಾದ ಮ್ಯಾಲ ನನ್ನ ಮಗಳು ಹೊಳಿಯವ್ವ ಕೆಲಸಕ್ಕ ಹಾಕ್ಕೊಂತಿದ್ಲು.”

“ಇಂಥಾ ಗೀರಿನ ಅಂಗಿ ಸಂತ್ಯಾಗ ನೂರು ಸಿಗತಾವು. ಇದು ಅದ ಅಂತ ಹ್ಯಾಂಗ ಹೇಳ್ತಿ?”

“ಕಿಸೆ ನೋಡ್ರಿ ಯವ್ವಾ.”

ದ್ರಾಕ್ಷಾಯಿಣಿ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಂಗಿಯ ಎದೆಯ ಮೇಲಿನ ಕಿಸೆಯ ಬಾಯನ್ನು ಕೆಂಪು ದಾರದಿಂದ ಹೊಲಿದು ಮುಚ್ಚಿತ್ತು.

“ಮೆಣಸಿನಕಾಯಿ ಬೀಜ ಕಿಸೇದಾಗ ಬಿದ್ದು, ಬೆವರಿಗೆ ಎದಿ ಉರೀತೈತಿ ಅಂದ್ಲು. ಹೊಲದು ಕೊಟ್ಟೆ. ಮನ್ಯಾಗ ಕೆಂಪ ದಾರ ಅಷ್ಟ ಇತ್ತು.”

ಹೊಳಿಯವ್ವನಿಗೆ ಇಪ್ಪತ್ತೇಳು ವರ್ಷ. ಗಂಡ ಹೆಂಡತಿ ಇಬ್ಬರೂ ಮಲ್ಲನಕೆರೆಯಿಂದ ಬ್ಯಾಡಗಿಯ ಒಂದು ಮೆಣಸಿನಕಾಯಿ ಗೋದಾಮಿಗೆ ದುಡಿಯಲು ಹೋಗುತ್ತಿದ್ದರು. ಅವಳು ತೊಟ್ಟು ಬಿಡಿಸುವವಳು, ಅವನು ಹಮಾಲ. ಹೋದ ವರ್ಷ ಸಂಕ್ರಾಂತಿ ಮುಗಿದ ಮರುವಾರ ಅವಳು ಕಾಣೆಯಾದಳು. ಲಾರಿ ಡ್ರೈವರನ ಜೊತೆ ಹೋಗಿರಬೇಕೆಂದು ಹನುಮೇಶನೇ ಇದೇ ಠಾಣೆಗೆ ಬಂದು ಬರೆಸಿಹೋಗಿದ್ದ. ಅದನ್ನು ಬರೆದುಕೊಂಡವನೂ ಪ್ರಭುಲಿಂಗಪ್ಪನೇ. ಹುಡುಕಿದವರು ಯಾರೂ ಇಲ್ಲ. ಓಡಿಹೋದವಳನ್ನು ಯಾಕೆ ಹುಡುಕಬೇಕು ಎಂಬುದು ಊರಿನ ನ್ಯಾಯ, ಠಾಣೆಯ ನ್ಯಾಯವೂ ಅದೇ.

“ಮಗಳು ಬದುಕ್ಯಾಳ ಅಂತ ನನಗ ಆಸೆ ಇಲ್ರಿ,” ಎಂದಳು ಗುತ್ತೆವ್ವ. “ಮೊಮ್ಮಗಳು ಮೇಘಾ ಏಳು ವರ್ಷದಾಕಿ. ‘ನಿಮ್ಮವ್ವ ಓಡಿ ಹೋದಾಕಿ’ ಅಂತ ಸಾಲ್ಯಾಗ ಕಾಡ್ತಾರ. ಅಪ್ಪನೂ ಅದನ್ನ ಹೇಳ್ತಾನ. ನಾ ಅಲ್ಲ ಅಂದ್ರ ಆ ಕೂಸು ನಂಬವಲ್ದು. ನಿಮ್ಮವ್ವ ನಿನ್ನ ಬಿಟ್ಟು ಹೋಗಿಲ್ಲ ಅಂತ ನಿಮ್ಮಂಥಾವ್ರು ಆಕಿಗೆ ಹೇಳಬೇಕು. ಅಷ್ಟ.”

ದ್ರಾಕ್ಷಾಯಿಣಿ ಕಡತ ತರಿಸಿದಳು. ಕಳೆದ ಡಿಸೆಂಬರಿನಲ್ಲಿ ಊರ ಹೊರಗಿನ ಪಾಳುಬಿದ್ದ ಇಟ್ಟಂಗಿ ಭಟ್ಟಿಯಲ್ಲಿ ಮಣ್ಣು ಅಗೆಯುವವರಿಗೆ ಎಲುಬುಗಳು ಸಿಕ್ಕಿದ್ದವು. ಅಸಹಜ ಸಾವು ಎಂದು ಯುಡಿಆರ್ ದಾಖಲಾಗಿತ್ತು. ಪಂಚನಾಮೆಯ ಮೊದಲ ಸಾಲೇ ‘ಒಂದು ಗಂಡಸಿನ ಅಸ್ಥಿಪಂಜರ’ ಎಂದಿತ್ತು. ಅದನ್ನು ನೋಡಿ ವೈದ್ಯರಿಗೆ ಬರೆದ ಪತ್ರದಲ್ಲೂ ‘ಈ ಗಂಡಸಿನ ಅಸ್ಥಿಪಂಜರವನ್ನು ಪರೀಕ್ಷಿಸಿ ಕೊಡಿ.’ ವೈದ್ಯರು ತೊಡೆಯ ಎಲುಬನ್ನಷ್ಟೇ ಅಳೆದು, ದಪ್ಪ ಇದೆ, ಉದ್ದ ಇದೆ, ಗಂಡಸು ಎಂದು ಬರೆದು ಕೈತೊಳೆದುಕೊಂಡಿದ್ದರು. ಕುಡಿದು ಗುಂಡಿಗೆ ಬಿದ್ದು ತಲೆ ಒಡೆದುಕೊಂಡ ಯಾರೋ ಕೂಲಿಯವನು ಎಂದು ಷರಾ ಬರೆದು ಕಡತ ಮುಚ್ಚಿತ್ತು.

“ಇದನ್ನ ಬರದವ್ರು ಯಾರು?”

“ನಾನ ಮೇಡಂ,” ಎಂದ ಪ್ರಭುಲಿಂಗಪ್ಪ.

“ಡಾಕ್ಟ್ರು ನೋಡೂಕಿಂತ ಮೊದಲೋ, ಆಮ್ಯಾಲೋ?”

“ಮೊದಲು.”

“ಏನು ನೋಡಿ ಗಂಡಸು ಅಂತ ಬರದ್ರಿ?”

“ಅಂಗಿ ಇತ್ತಲ್ರಿ. ಬಳಿ ಇಲ್ಲ, ಕಾಲುಂಗ್ರ ಇಲ್ಲ, ತಾಳಿ ಇಲ್ಲ. ಎಲುಬೂ ದಪ್ಪ ಇದ್ದವು.”

“ನಿಮ್ಮವ್ವ ಹೊಲದಾಗ ದುಡದಾರೇನು?”

“ಜೀವಮಾನ ಎಲ್ಲಾ ದುಡದಾರ್ರಿ.”

“ಸೀರಿ ಮ್ಯಾಲ ಏನು ಹಾಕ್ಕೊಂತಿದ್ರು?”

ಪ್ರಭುಲಿಂಗಪ್ಪ ಕಡತದ ಮೇಲಿಂದ ಕಣ್ಣು ತೆಗೆದು ಗುತ್ತೆವ್ವನ ಕಡೆ ನೋಡಿದ.

“ನಮ್ಮಪ್ಪನ ಅಂಗಿ, ಮೇಡಂ.”

ಈ ಸೀಮೆಯಲ್ಲಿ ಕೂಲಿಗೆ ಹೊರಟ ಯಾವ ಹೆಂಗಸು ಸೀರೆಯ ಮೇಲೆ ಗಂಡನದೋ ಅಣ್ಣನದೋ ತುಂಬುತೋಳಿನ ಅಂಗಿ ತೊಡುವುದಿಲ್ಲ? ಬಿಸಿಲಿಗೆ ಅದು, ಮೈ ಗೀರುವ ಜೋಳದ ರವದಿಗೆ ಅದು, ಮೆಣಸಿನಕಾಯಿಯ ಘಾಟಿಗೂ ಅದೇ. ಬೆಳಗಾದರೆ ಬ್ಯಾಡಗಿಯ ರಸ್ತೆಯ ತುಂಬ ಟಂಟಂ ಗಾಡಿಗಳಲ್ಲಿ ಅಂಗಿ ತೊಟ್ಟ ಹೆಂಗಸರೇ. ಪರವೂರಿನ ಅಧಿಕಾರಿ ತಪ್ಪು ತಿಳಿದಿದ್ದರೆ ಹೋಗಲಿ ಎನ್ನಬಹುದಿತ್ತು. ಅಂಥ ತೋಳಿನಿಂದ ಹೊರಬಂದ ಕೈಯ ತುತ್ತು ತಿಂದು ಬೆಳೆದವನಿಗೂ ಅಂಗಿ ಕಂಡಿತು, ತಾಯಿ ಕಾಣಲಿಲ್ಲ. ನೂಲಿನ ಸೀರೆಯನ್ನು ಮಣ್ಣು ತಿಂದಿತ್ತು, ಟೆರಿಕಾಟ್ ಅಂಗಿ ಉಳಿದಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದಂತೆ, ಎಎಸ್‌ಐ ಬರೆದದ್ದನ್ನು ಡಾಕ್ಟರು ಬರೆದರು, ಡಾಕ್ಟರು ಬರೆದದ್ದನ್ನು ಗೋಡೆಗೆ ಅಂಟಿಸಿದರು.

“ಎಲುಬು ಎಲ್ಲವ ಈಗ?”

“ಆಸ್ಪತ್ರಿ ಸ್ಟೋರ್‌ದಾಗ, ಮೇಡಂ.”

ಆಸ್ಪತ್ರೆಯ ಸ್ಟೋರಿನಲ್ಲಿ ಮುರಿದ ಮಂಚಗಳ ಸಂದಿಯಲ್ಲಿ ಒಂದು ಯೂರಿಯಾ ಚೀಲ ಬಿದ್ದಿತ್ತು. ಸುತಳಿ ಬಿಗಿದಿತ್ತು. ಪ್ರಭುಲಿಂಗಪ್ಪ ಅದನ್ನು ಜೀಪಿನ ಹಿಂದೆ ಸ್ಟೆಪ್ನಿ ಟೈರಿನ ಪಕ್ಕ ಇಡಲು ಹೋದಾಗ ದ್ರಾಕ್ಷಾಯಿಣಿ ಒಂದು ಮಾತೂ ಆಡದೆ ಚೀಲವನ್ನು ಅವನ ಕೈಯಿಂದ ತೆಗೆದುಕೊಂಡು ಸೀಟಿನ ಮೇಲೆ ತನ್ನ ಪಕ್ಕದಲ್ಲಿ ಇಟ್ಟುಕೊಂಡಳು.

ಹಾವೇರಿಯಲ್ಲಿ ವಿಧಿವಿಜ್ಞಾನದ ಡಾಕ್ಟರ್ ಫರ್ಹಾನಾ ಮೊದಲು ಕೋರಿಕೆ ಪತ್ರ ಓದಿದಳು. ಲಿಂಗ ಎಂಬಲ್ಲಿ ದ್ರಾಕ್ಷಾಯಿಣಿ ‘ತಿಳಿದಿಲ್ಲ’ ಎಂದು ಬರೆದಿದ್ದಳು.

“ಹಿಂಗ ಬರಕೊಂಡು ಬರೂ ಪೊಲೀಸ್ರು ಕಮ್ಮಿ,” ಎಂದಳು ಫರ್ಹಾನಾ. “ಇನ್ನ ಏನೂ ಹೇಳಬ್ಯಾಡ್ರಿ. ಎಲ್ಲಿ ಸಿಕ್ತು, ಮೈಮ್ಯಾಲ ಏನಿತ್ತು, ನಿಮಗ ಯಾರ ಮ್ಯಾಲ ಸಂಶೇ, ಯಾವುದೂ ಬ್ಯಾಡ. ಕಿವಿ ಕೇಳಿದ್ದನ್ನ ಕಣ್ಣು ಹುಡುಕ್ತೈತಿ. ನಾನ ಫೋನ್ ಮಾಡ್ತೇನಿ.”

ಶುಕ್ರವಾರ ಫೋನ್ ಬಂತು. ಹೋಗಿ ನೋಡಿದರೆ ಎಲುಬುಗಳನ್ನು ತೊಳೆದು, ಒಣಗಿಸಿ, ಮೇಜಿನ ಬಿಳಿ ಬಟ್ಟೆಯ ಮೇಲೆ ಆಳುದ್ದಕ್ಕೆ ಜೋಡಿಸಿತ್ತು. ಚೀಲದಲ್ಲಿದ್ದದ್ದು ಒಂದು ಮನುಷ್ಯಜೀವ ಎಂಬುದು ದ್ರಾಕ್ಷಾಯಿಣಿಗೆ ಆಗ ಮೊದಲ ಸಲ ಎದೆಗೆ ತಟ್ಟಿತು.

ಫರ್ಹಾನಾ ತೊಡೆಯ ಎಲುಬನ್ನು ಎತ್ತಿಕೊಂಡಳು.

“ಈ ಮ್ಯಾಲಿನ ಗುಂಡು ಸೊಂಟದಾಗ ಕೂಡ್ತೈತಿ. ಇದರ ಅಗಲ ಅಳೀತೇವಿ. ಸಾಮಾನ್ಯ ಗಂಡಸರದು ದೊಡ್ಡದು, ಹೆಂಗಸರದು ಸಣ್ಣದು. ಇದು ನಲವತ್ಮೂರು ಮಿಲಿಮೀಟರ್ ಐತಿ.”

“ಅಂದ್ರ?”

“ಅಂದ್ರ ಇದೊಂದರಿಂದ ಏನೂ ಹೇಳಾಕ ಬರೂದಿಲ್ಲ. ಸಣ್ಣ ಗಂಡಸರೂ ಈ ಅಳತಿಗೆ ಬರ್ತಾರ, ದೊಡ್ಡ ಹೆಂಗಸರೂ ಬರ್ತಾರ. ಸಣ್ಣಾಕಿದ್ದಾಗಿಂದ ಭಾರ ಹೊತ್ತವರ ಎಲುಬು ದಪ್ಪ ಆಗ್ತೈತಿ. ಅದರ ಮ್ಯಾಲ ಬ್ಯಾರೆ ದೇಶದ ಮಂದೀನ ಅಳದು ಮಾಡಿದ ಲೆಕ್ಕ ತಂದು ನಮ್ಮ ಮಂದಿಗೆ ಹಚ್ಚಿದ್ರ ಮುಗೀತು. ನನ್ನ ಪರೀಕ್ಷೆ ಮುಗದ ಮ್ಯಾಲ ಮೊದಲಿನ ವರದಿ ತರಿಸಿ ನೋಡಿದೆ, ಅವ್ರು ಮಾಡಿದ್ದು ಅದನ್ನ.”

“ಮತ್ತ ಯಾವುದರಿಂದ ತಿಳೀತೈತಿ?”

“ಸೊಂಟದ ಎಲುಬಿನಿಂದ. ಆ ವರದ್ಯಾಗ ಅದು ಪರೀಕ್ಷೆಗೆ ಯೋಗ್ಯವಿಲ್ಲ ಅಂತ ಬರದಾರ ನೋಡ್ರಿ. ಯೋಗ್ಯ ಇತ್ತು. ಚೀಲದ ತಳದಾಗ ಮಣ್ಣಿನ ಹೆಂಟಿ ಆಗಿತ್ತು, ಯಾರೂ ತೊಳದಿರ್ಲಿಲ್ಲ.”

ಅವಳು ತೋರುಬೆರಳು ಮಧ್ಯದ ಬೆರಳುಗಳನ್ನು ಅಗಲಿಸಿ ತೋರಿಸಿದಳು. “ಮುಂದ ಎರಡೂ ಎಲುಬು ಕೂಡೂವಲ್ಲಿ ಕೆಳಗ ಒಂದು ಸಂದು ಇರತೈತಿ. ಗಂಡಸರಿಗೆ ಇಷ್ಟ.” ಆಮೇಲೆ ಹೆಬ್ಬೆರಳು ತೋರುಬೆರಳುಗಳನ್ನು ಪೂರಾ ಅಗಲಿಸಿದಳು. “ಹೆಂಗಸರಿಗೆ ಇಷ್ಟು.” ಹಾಗೆಯೇ ಕೈಯನ್ನು ಮೇಜಿನ ಮೇಲಿನ ಎಲುಬಿನ ಸಂದಿಗೆ ಹಿಡಿದಳು. ಅದು ಸರಿಯಾಗಿ ಕೂತಿತು.

“ಸೊಂಟದ ಎಲುಬಿನ ಹಿಂದಿನ ಕಚ್ಚೂ ಅಗಲ ಐತಿ. ಸೊಂಟದಾಗ ಅಳದ ಎಲ್ಲಾ ಗುರ್ತೂ ಒಂದ ಕಡೆ ಬಿದ್ದಾವು. ಇದು ಹೆಂಗಸು. ನೂರಕ್ಕ ನೂರು ಅಂತ ಬರಿಯೂದಿಲ್ಲ, ಯಾವ ಅಳತೀನೂ ಹಂಗ ಹೇಳೂದಿಲ್ಲ. ಆದ್ರ ಕೋರ್ಟಿನಾಗ ನಿಂತು ಹೇಳ್ತೇನಿ. ಹಲ್ಲು ತಗದು ಕೊಡ್ತೇನಿ, ಡಿಎನ್‌ಎಗೆ ಕಳಸ್ರಿ.”

“ತಲಿ? ಗುಂಡಿಗೆ ಬಿದ್ದು ಒಡದದ್ದು ಅಂತ ಬರದಾರ.”

ಫರ್ಹಾನಾ ತಲೆಬುರುಡೆಯ ಹಿಂಭಾಗವನ್ನು ಬೆಳಕಿಗೆ ತಿರುಗಿಸಿದಳು. “ಒಂದರ ಮ್ಯಾಲೊಂದು ಎರಡು ಏಟು ಬಿದ್ದಾವು. ಒಂದ ಗುಂಡಿಗೆ ಎರಡ ಸಲ ಬೀಳಾವ್ರನ್ನ ನಾ ನೋಡಿಲ್ಲ.”

ಜೀಪಿನಲ್ಲಿ ವಾಪಸು ಬರುವಾಗ ದ್ರಾಕ್ಷಾಯಿಣಿಯ ಮೈ ಉರಿಯುತ್ತಿತ್ತು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ. ಚೀಲದ ತಳದಲ್ಲಿ ಸತ್ಯ ಬಿದ್ದಿದ್ದರೂ ಇವರು ರಾಣೆಬೆನ್ನೂರು, ಹಾವೇರಿ, ಕುಮಾರಪಟ್ಟಣದವರೆಗೆ ಕಾಣೆಯಾದ ಗಂಡಸರನ್ನು ಹುಡುಕಿಸಿದ್ದರು. ಒಂದು ಬಕೀಟು ನೀರಿನ ಕೆಲಸ ಅದು.

ಅಗಡಿಯ ಕ್ರಾಸ್ ದಾಟಿದ ಮೇಲೆ ಪ್ರಭುಲಿಂಗಪ್ಪ ಅವಳ ಕಡೆ ತಿರುಗಿದ.

“ಮೇಡಂ, ಒಂದು ಮಾತು. ಅವತ್ತು ಗಂಡಸು ಅಂತ ಮೊದಲ ಅಂದಾವ ನಾನಲ್ಲ.”

“ಯಾರು?”

“ಭಟ್ಟಿ ಹಂತ್ಯಾಕ ಮಂದಿ ನೆರದಿತ್ತು. ಅದರಾಗ ಒಬ್ಬಾವ ಮಣ್ಣಾಗಿಂದ ಅಂಗಿ ಎಳದು ತಗದು, ‘ಗಂಡಸರ ಅಂಗಿ ಐತ್ರಿ ಸಾಹೇಬ್ರ, ಯಾರೋ ಕುಡದು ಬಿದ್ದಾರ’ ಅಂದ. ನನಗ ಪರಿಚಯದಾವ. ನಾ ಹಂಗ ಬರಕೊಂಡೆ.”

“ಹೆಸರು ಹೇಳ್ರಿ.”

“ಹನುಮೇಶ.” ಅವನ ದನಿ ಬಿದ್ದುಹೋಗಿತ್ತು. “ಪ್ರಕಟಣಿ ಫೋಟೋದಾಗ ಅಂಗಿ ಹಿಡಕೊಂಡ ಕೈ ಅವನವ, ಮೇಡಂ.”

ದ್ರಾಕ್ಷಾಯಿಣಿ ಜೀಪು ನಿಲ್ಲಿಸಲು ಹೇಳಿದಳು. ಕೆಳಗಿಳಿದು ರಸ್ತೆಯ ಅಂಚಿನಲ್ಲಿ ನಿಂತಳು. ಕೊಂದವನೇ ಎತ್ತಿ ಹಿಡಿದ ಅಂಗಿ ಆರು ತಿಂಗಳು ಬಸ್ ನಿಲ್ದಾಣದ ಗೋಡೆಯ ಮೇಲಿತ್ತು, ಸರಕಾರದ ಮುದ್ರೆಯೊಂದಿಗೆ. ಈ ಪ್ರಭುಲಿಂಗಪ್ಪನ ಕಪಾಳಕ್ಕೆ ಎರಡು ಬಿಗಿಯಬೇಕು ಎನಿಸಿತು. ಬಿಗಿಯಲಿಲ್ಲ. ಅವನು ಈಗ ಸಾಕ್ಷಿಯಾಗಬೇಕಾಗಿತ್ತು.

“ಈಗ ಹೇಳಿದ್ದನ್ನ ನಾಳೆ ಕೋರ್ಟಿನಾಗೂ ಹೇಳ್ತೀರಿ,” ಎಂದಳು ವಾಪಸು ಬಂದು.

“ಹೇಳ್ತೇನ್ರಿ.”

ಅದೇ ಸಂಜೆ ಕೊಲೆ ಮತ್ತು ಸಾಕ್ಷ್ಯನಾಶದ ಕಲಮುಗಳಡಿ ಎಫ್‌ಐಆರ್ ದಾಖಲಾಯಿತು. ಹಲ್ಲು ಮತ್ತು ಗುತ್ತೆವ್ವನ ರಕ್ತದ ಮಾದರಿ ಪ್ರಯೋಗಾಲಯಕ್ಕೆ ಹೋದವು. ಮಣ್ಣು ಅಗೆಯುತ್ತಿದ್ದ ಇಬ್ಬರೂ ಹನುಮೇಶನೇ ಅಂಗಿ ಎತ್ತಿದ್ದೆಂದು ಹೇಳಿಕೆ ಕೊಟ್ಟರು. ಅಂಗಿ ಹನುಮೇಶನದೇ ಎಂದು ಅತ್ತೆ ಹೇಳಿದರೆ ಸಾಲದು, ವಕೀಲರು ಆ ಮಾತನ್ನು ಗಾಳಿಗೆ ತೂರುತ್ತಾರೆ. ದ್ರಾಕ್ಷಾಯಿಣಿ ಅಂಗಿ ತೆಗೆದುಕೊಂಡು ರಾಣೆಬೆನ್ನೂರಿಗೆ ಹೋಗಿ ದರ್ಜಿ ಮಹಮ್ಮದಗೌಸನ ಮುಂದೆ ಹರವಿದಳು.

“ನಂದ ಹೊಲಿಗಿ,” ಎಂದ ಅವನು, ಕನ್ನಡಕ ಏರಿಸಿ. “ಎಡಗಡೆ ತೋಳು ಒಂದು ಬಟ್ಟು ಗಿಡ್ಡ ಐತಿ ನೋಡ್ರಿ.”

“ತಪ್ಪಿ ಆಗಿದ್ದೋ?”

“ಯಾವಾಗ ತಪ್ಪೇನ್ರಿ ನಾ? ಆ ಹುಡುಗಂದು ಸಣ್ಣಾವಿದ್ದಾಗ ಎಡಗೈ ಮುರದು ಗಿಡ್ಡ ಆಗೇತಿ. ಕುಪ್ಪೇಲೂರ ಗುತ್ತೆವ್ವ ಅಳಿಯಾನ್ನ ಕರಕೊಂಡು ಬಂದಿದ್ಲು. ಮದುಮಗ ಕೈ ಮುಚ್ಚಿಟ್ಟಕೊಂಡು ನಿಂತಿದ್ದ, ಅಳತಿ ಕೊಡವಲ್ಲ. ನಾಚಿಗಿ ಬಾಳ ಅವಗ.”

ಡಿಎನ್‌ಎ ವರದಿ ಬರುವುದಕ್ಕೆ ಆಗಸ್ಟ್ ಬಂತು. ಅಲ್ಲಿಯವರೆಗೆ ಹನುಮೇಶನಿಗೆ ಸುಳಿವು ಹೋಗದಂತೆ ದ್ರಾಕ್ಷಾಯಿಣಿ ಎಲ್ಲರ ಬಾಯಿ ಕಟ್ಟಿದ್ದಳು. ಗುತ್ತೆವ್ವ ವಾರಕ್ಕೊಮ್ಮೆ ಬಂದು, ಬಂತೇನ್ರಿ ಎಂದು ಕೇಳಿ, ಹೋಗುತ್ತಿದ್ದಳು. ಪ್ರಭುಲಿಂಗಪ್ಪ ಈಗ ತಾನೇ ಎದ್ದು ಅವಳಿಗೆ ಕುರ್ಚಿ ಹಾಕುತ್ತಿದ್ದ. ಅವಳು ಅವನ ಮುಖ ನೋಡುತ್ತಿರಲಿಲ್ಲ. ಕೊನೆಗೆ ಲಕೋಟೆ ಬಂತು. ಹಲ್ಲು ಗುತ್ತೆವ್ವನ ಮಗಳದೇ.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ದ್ರಾಕ್ಷಾಯಿಣಿ ಬ್ಯಾಡಗಿಯ ಗೋದಾಮಿಗೆ ಹೋದಳು. ಒಳಗೆ ಕಾಲಿಟ್ಟ ಕೂಡಲೇ ಘಾಟಿಗೆ ಸೀನು ಬಂತು. ಸಾಲಾಗಿ ಕುಳಿತ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಎಲ್ಲರ ಮೈಮೇಲೂ ಗಂಡಸರ ಅಂಗಿ. ಹನುಮೇಶ ಚೀಲಗಳ ಒಟ್ಟಿಲಿನ ಹತ್ತಿರ ಬೀಡಿ ಸೇದುತ್ತಾ ನಿಂತಿದ್ದ. ಪೊಲೀಸರನ್ನು ಕಂಡು ಬೀಡಿ ಬಿಸುಟು ತಾನೇ ಮುಂದೆ ಬಂದ.

“ಏನ್ರಿ ಮೇಡಂ, ಸಿಕ್ಕಳೇನ್ರಿ ನನ್ನ ಹೆಂಡ್ತಿ?”

“ಸಿಕ್ಕಳು.”

“ಎಲ್ಲಿ?”

“ನೀ ಇಟ್ಟಲ್ಲೇ.”

ಅವನು ಓಡಲಿಲ್ಲ. ಹೆಂಗಸರ ಸಾಲಿನಲ್ಲಿ ಒಬ್ಬಳು ಎದ್ದು ನಿಂತಳು, ಆಮೇಲೆ ಇನ್ನೊಬ್ಬಳು. ಬಾಗಿಲವರೆಗೆ ಅವನನ್ನು ಕರೆದೊಯ್ಯುವಷ್ಟರಲ್ಲಿ ಎಲ್ಲರೂ ಎದ್ದಿದ್ದರು. ಒಬ್ಬಳು ನೆಲಕ್ಕೆ ಥೂ ಎಂದು ಉಗಿದಳು.

ಮಧ್ಯಾಹ್ನ ಅವನು ಪಂಚರ ಸಮಕ್ಷಮ ತನ್ನ ಮನೆಯ ಬಚ್ಚಲಕಲ್ಲು ಎಬ್ಬಿಸಿ ತೋರಿಸಿದ. ಕೆಳಗೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ತಾಳಿ, ಒಂದು ಜೊತೆ ಕಾಲುಂಗುರ ಇದ್ದವು. ಹೆಣದ ಮೇಲೆ ಹೆಣ್ಣಿನ ಗುರುತು ಉಳಿಯಬಾರದೆಂದು ಬಳೆ ಒಡೆದು ಎಸೆದು, ಇವನ್ನೂ ತೆಗೆದಿದ್ದನಂತೆ. ಅಂಗಿ, ಸೀರೆ ಬಿಚ್ಚಲಿಲ್ಲವೇಕೆ ಎಂದು ಕೇಳಿದ್ದಕ್ಕೆ, ಅವಸರದಲ್ಲಿ ಅಂಗಿಯ ಗುಂಡಿಯನ್ನೇ ಬಿಚ್ಚಲು ಆಗಲಿಲ್ಲ ಎಂದ.

ಪಂಚನಾಮೆ ಮುಗಿಸಿ ದ್ರಾಕ್ಷಾಯಿಣಿ ಶಾಲೆಗೆ ಹೋಗಿ, ಮೇಘಾಳನ್ನು ಜೀಪಿನಲ್ಲಿ ಕೂರಿಸಿಕೊಂಡು ಕುಪ್ಪೇಲೂರಿಗೆ ಅಜ್ಜಿಯ ಮನೆಗೆ ಕರೆತಂದಳು. ಟೋಪಿ ತೆಗೆದು ಕಟ್ಟೆಯ ಮೇಲಿಟ್ಟು ಹುಡುಗಿಯ ಮುಂದೆ ಕುಳಿತಳು. ಇಂಥ ಮಾತನ್ನು ಹೇಗೆ ಆಡುವುದೆಂದು ಯಾವ ತರಬೇತಿಯಲ್ಲೂ ಕಲಿಸಿರಲಿಲ್ಲ.

“ಮೇಘಾ, ನಿಮ್ಮವ್ವ ಎಲ್ಲೂ ಓಡಿ ಹೋಗಿರಲಿಲ್ಲವಾ. ನಿನ್ನ ಬಿಟ್ಟು ಹೋಗಿರಲಿಲ್ಲ. ಆಕೀನ ಕೊಂದಿದ್ರು. ನಾವ ಲಗೂನ ಹುಡುಕಲಿಲ್ಲ. ಅದು ನಮ್ಮ ತಪ್ಪು.”

ಹುಡುಗಿ ಅಜ್ಜಿಯ ಕಡೆ ನೋಡಿದಳು. ಗುತ್ತೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೌದೆಂದು ತಲೆಯಾಡಿಸಿದಳು. ಯಾರು ಕೊಂದರೆಂದು ಮೇಘಾ ಕೇಳಲಿಲ್ಲ. ಅವಳು ಕೇಳಿದ್ದು ಬೇರೆ.

“ಸಾಲ್ಯಾಗ ಹೇಳ್ಲೇನ್ರಿ, ಓಡಿ ಹೋಗಿಲ್ಲ ಅಂತ?”

“ಹೇಳವಾ. ಎಲ್ಲಾರಿಗೂ ಹೇಳು.”

ಸಂಜೆ ಐದಕ್ಕೆ ಠಾಣೆಯಲ್ಲಿ ಹನುಮೇಶನ ವಿಚಾರಣೆ ನಡೆಯಿತು. ಪ್ರಭುಲಿಂಗಪ್ಪ ಬರೆದುಕೊಳ್ಳಲು ಕುಳಿತ. ದ್ರಾಕ್ಷಾಯಿಣಿ ಎರಡೂ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡಳು. ಮೇಲಿದ್ದರೆ ಏನಾದೀತೋ ಎಂದು ಅವಳಿಗೇ ಹೆದರಿಕೆಯಿತ್ತು.

“ಲಾರಿ ಡ್ರೈವರನ ಸಂಗತಿ ಖರೇನೋ ಸುಳ್ಳೋ?”

“ಸುಳ್ಳರಿ.”

“ಮತ್ತ ಯಾಕ ಕೊಂದಿ?”

ಹನುಮೇಶ ಎಡಗೈಯನ್ನು ಬಲಗೈಯಿಂದ ಮುಚ್ಚಿಕೊಂಡ.

“ಅವತ್ತು ಚೀಲ ಹೊತ್ತು ಲಾರಿ ಹಲಗಿ ಏರಾಕತ್ತಿದ್ನಿ. ಕಾಲು ಜಾರಿ ಬಿದ್ನಿ. ಚೀಲ ಮ್ಯಾಲ ಬಿತ್ತು. ಏಳಾಕ ಆಗ್ಲಿಲ್ಲ. ಆಕಿ ಕೆಲಸ ಬಿಟ್ಟು ಓಡಿ ಬಂದ್ಲು. ಚೀಲ ಎತ್ತಿ ತನ್ನ ಹೆಗಲಿಗೆ ಹಾಕ್ಕೊಂಡು, ಹಲಗಿ ಏರಿ ಲಾರ್‍ಯಾಗ ಒಗದು ಬಂದ್ಲು. ಎಲ್ಲಾರೂ ನಕ್ಕರು. ‘ಮನ್ಯಾಗ ಗಂಡಸು ಯಾರಪಾ’ ಅಂದ್ರು. ದಿನಾ ಆಕಿಗೆ ಗಂಡಬೀರಿ ಅಂತಿದ್ರು, ಅವತ್ತು ನನಗ ಅಂದ್ರು.”

“ಆಕೀನೂ ನಕ್ಕಳೇನು?”

ಅವನು ಅಂಗಿಯ ಎಡದ ತೋಳನ್ನು ಬೆರಳಿನವರೆಗೆ ಎಳೆದುಕೊಂಡ. ದ್ರಾಕ್ಷಾಯಿಣಿ ಅದೇ ಪ್ರಶ್ನೆಯನ್ನು ಇನ್ನೊಮ್ಮೆ, ಇನ್ನೂ ತಗ್ಗಿದ ದನಿಯಲ್ಲಿ ಕೇಳಿದಳು.

“ಇಲ್ರಿ. ಆಕಿ ನಗಲಿಲ್ಲ.”

“ಮತ್ತ ಏನು ಮಾಡಿದ್ಲು?”

“ಮಗಳು ಅಜ್ಜಿ ಮನ್ಯಾಗ ಇದ್ಲು. ಮನಿಗೆ ಬಂದು ಅಂಗಿ ಸೈತ ಬಿಚ್ಚಲಿಲ್ಲ, ಅರಿಶಿಣ ಬಿಸಿ ಮಾಡಿ ತಂದು ನನ್ನ ಮೊಣಕಾಲಿಗೆ ಹಚ್ಚಿದ್ಲು. ‘ಬಾಳ ಬ್ಯಾನಿ ಆಗಾಕತ್ತೈತೇನು’ ಅಂತ ಕೇಳಿದ್ಲು.”

“ನೀ ಹೊಡದದ್ದು ಯಾವಾಗ?”

“ಹಚ್ಚಿ ತಿರುಗಿ ಏಳಾಕತ್ತಿದ್ಲು ನೋಡ್ರಿ,” ಎಂದ ಹನುಮೇಶ. “ಆವಾಗ.”

ಪ್ರಭುಲಿಂಗಪ್ಪನ ಪೆನ್ನು ನಿಂತಿತು. ಅವನ ಕಣ್ಣಲ್ಲಿ ನೀರಿತ್ತು. ದ್ರಾಕ್ಷಾಯಿಣಿ ಅವನನ್ನು ಸಮಾಧಾನ ಮಾಡಲಿಲ್ಲ.

“ಬರೀರಿ,” ಎಂದಳು. “ಒಂದ ಅಕ್ಷರಾನೂ ಬಿಡಬ್ಯಾಡ್ರಿ.”